ಗೆರೆ ಬೀಳುವ ಮುನ್ನ

ಮೊದಲು ಬಲತುದಿಯಲ್ಲೊಂದು ಹಸಿರು ಚುಕ್ಕಿ.
ಆಮೇಲೆ ಅಡ್ಡಡ್ಡ ಗೆರೆ, ಹೊಕ್ಕು ತಪ್ಪಿದ ಬಟ್ಟೆಯ ಹಾಗೆ.
ಆಮೇಲೆ ಕಪ್ಪು.
ಆ ಕಪ್ಪಿನಲ್ಲಿ ನನ್ನದೇ ಮುಖ,
ಬಾಯಲ್ಲಿ ಅರ್ಧ ಬೈಗುಳ.

ಕಬ್ಬನ್‌ಪೇಟೆಯ ಎರಡನೇ ಮಹಡಿ, ತಗಡಿನ ಸೂರು.
ಕೆಳಗೆ ಲಕ್ಷ್ಮಣಸಾ ಅವರ ನಾಲ್ಕು ಪವರ್‌ಲೂಮು
ಗೋಡೆಯನ್ನು ದಿನವಿಡೀ ಕೆಮ್ಮಿಸುತ್ತವೆ.
ನಾನು ಬರೆಯುವುದು ಸೀರೆಯ ಅಂಚು, ಸೆರಗು:
ಒಂದು ಚೌಕ, ಒಂದು ಎಳೆ.
ಅಪ್ಪ ಗ್ರಾಫ್ ಹಾಳೆಯಲ್ಲಿ ಕೆಂಪು ಪೆನ್ಸಿಲಿನಿಂದ ತುಂಬಿದ್ದನ್ನು
ನಾನು ಹನ್ನೆರಡು ವರ್ಷದ ಈ ಲ್ಯಾಪ್‌ಟಾಪಿನಲ್ಲಿ ತುಂಬುತ್ತೇನೆ.
ಹಾಳೆ ಎಂದೂ ನಡುವೆ ಕಣ್ಣು ಮುಚ್ಚಿದ್ದಿಲ್ಲ.
ಹಾಗೆಂದು ಅಪ್ಪ ಹೇಳಲಿಲ್ಲ. ನೋಡಿದರು, ಅಷ್ಟೆ.

ಈ ಸಲ ಗಂಡಭೇರುಂಡ, ಏಳು ಇಂಚಿನ ಅಂಚು,
ಮುಹೂರ್ತಕ್ಕೆ ಇಪ್ಪತ್ತೆರಡು ದಿನ.
ಎಡದ ತಲೆ ಮುಗಿಸಿ ಬಲದ ಕೊಕ್ಕಿಗೆ ಬಂದೆನೋ ಇಲ್ಲವೋ
ಹಸಿರು ಚುಕ್ಕಿ.
ಮೂರು ಸಲ ಹೀಗೆ. ಉಳಿದ ಫೈಲಿನಲ್ಲಿ
ಒಂಟಿ ತಲೆಯ ಹಕ್ಕಿ ಪಕ್ಕದ ಬರಿ ಚೌಕಗಳನ್ನು
ಯಾರನ್ನೋ ಕಾಯುವಂತೆ ನೋಡುತ್ತಿತ್ತು.

ಮಾಡಿದ್ದು ಒಂದಲ್ಲ ಎರಡಲ್ಲ.
ಹೊಸ ಡ್ರೈವರ್ ತೆಗೆದು ಹಳೆಯದನ್ನೇ ಕೂರಿಸಿದೆ;
ಹಳೇ ಬಸ್ಸಿನ ಗೇರು ಹಳೇ ಡ್ರೈವರನ ಕೈಗೇ ಗೊತ್ತು.
ಅಪ್‌ಡೇಟ್ ಬಾಗಿಲು ತಟ್ಟಿದಾಗಲೆಲ್ಲ
ನಾಳೆ ಬಾ ಎಂದು ಬರೆದೆ.
ನೆರಳು, ಗಾಜಿನ ಮೆರುಗು, ಜಾರಿ ಇಳಿಯುವ ಮೆನುಗಳ ವಯ್ಯಾರ,
ಎಲ್ಲ ಆರಿಸಿದೆ.
ಹಾರ್ಡ್‌ವೇರ್ ಆಕ್ಸಲರೇಶನ್ ಎಂಬಲ್ಲಿ ಟಿಕ್ ತೆಗೆದೆ.
ತಳಕ್ಕೆ ಗಾಳಿಯಾಡಲೆಂದು ತಾತನ ಎರಡು ಲಾಳಿ ಕೊಟ್ಟೆ,
ಸವೆದ ಮರ, ಒಳ್ಳೆಯ ಎತ್ತರ.
ದಿನಕ್ಕೆ ಆರು ಸಲ ಬೀಳುತ್ತಿದ್ದದ್ದು ಎರಡಕ್ಕಿಳಿಯಿತು.
ಎರಡೂ ಸಾಕು, ಕೊಕ್ಕು ಮುರಿಯಲು.

ಎಸ್.ಪಿ. ರೋಡಿನ ಮೆಟ್ಟಿಲ ಕೆಳಗೆ ಮುನಾವರ್
ಹನ್ನೊಂದು ಸ್ಕ್ರೂ ಬಿಚ್ಚಿ ಫ್ಯಾನ್ ಎತ್ತಿ ಹಿಡಿದ:
"ಏನಕ್ಕಾ, ಒಳಗೇ ಒಂದು ಸೀರೆ ನೇಯ್ದಿಟ್ಟಿದೆ!"
ನಿಜ. ರೆಕ್ಕೆಗಂಟಿದ ರೇಷ್ಮೆಯ ನವಿರು,
ಪದರ ಪದರ, ಕಂಬಳಿಯಂತೆ ಗಟ್ಟಿ.
ಮೇಲೆ ಆನಂದ ನೀಲಿ, ಹೋದ ದಸರೆಯದು.
ಅದರ ಕೆಳಗೆ ಅರಿಶಿನ: ದೊಡ್ಡಬಳ್ಳಾಪುರದ ಆರ್ಡರು,
ದುಡ್ಡು ಇನ್ನೂ ಬಂದಿಲ್ಲ.
ತೀರಾ ತಳದಲ್ಲಿ ಕಂದಿದ ರಾಮಾ ಹಸಿರು:
ಊರೆಲ್ಲ ಬಾಗಿಲು ಹಾಕಿ ಕೂತ ವರ್ಷ
ಕೆಳಗೆ ಒಂದೇ ಒಂದು ಮಗ್ಗ ಓಡಿತ್ತು.
ಅವನು ಊದಲು ಬಾಯಿ ತೆರೆದ. ತಡಿ, ಎಂದು
ಕಡಲೆಕಾಯಿ ಪೊಟ್ಟಣದ ಕಾಗದದಲ್ಲಿ ಕಟ್ಟಿಕೊಂಡೆ.
ಚಿಪ್ಪಿಗೆ ಬೂದು ಪೇಸ್ಟು ಸವರುತ್ತ ಅವನೆಂದ:
"ಇದು ಸಾಯೋದು ವಯಸ್ಸಿಂದ ಅಲ್ಲ ಅಕ್ಕಾ.
ಕಾದು ಕಾದು, ಆರಿ ಆರಿ, ಬೆಸುಗೆ ಬಿಡ್ತದೆ.
ಕೇಳೋದು ಕಮ್ಮಿ ಮಾಡಿ."

ಲಕ್ಷ್ಮಣಸಾ ಮೆಟ್ಟಿಲೇರಿ ಬಂದವರು ಮಂಡಿ ಹಿಡಿದುಕೊಂಡೇ
ಪರದೆಗೆ ಬಗ್ಗಿದರು. ಬೈಯುತ್ತಾರೆ ಅಂದುಕೊಂಡೆ.
"ಎರಡು ತಲೆ ಯಾಕೆ ಬರೀತಿದ್ದೀಯ? ಒಂದು ಬರಿ.
ಕನ್ನಡಿ ಕಟ್ಟು ಕಟ್ಟಿರೋ ಮಗ್ಗ ಖಾಲಿ ಇದೆ.
ಮಿಕ್ಕರ್ಧ ಅದೇ ಬರಕೊಳ್ತದೆ."

ಅರ್ಧ ಹಾಳೆ ಅಳಿಸಿದೆ. ಫ್ಯಾನಿನ ದನಿ
ಕೆಳಗಿನ ಸದ್ದಿನೊಳಗೆ ಹೂತುಹೋಯಿತು.
ಅಪ್ಪನೂ ಅರ್ಧವೇ ಬರೆಯುತ್ತಿದ್ದರೇ?
ಟ್ರಂಕಿನಲ್ಲಿರುವ ಆ ಹಾಳೆಗಳೆಲ್ಲ ನಡುಮಧ್ಯಕ್ಕೆ ನಿಂತಿವೆ.
ಮುಗಿಸಿಲ್ಲ ಅಂದುಕೊಂಡಿದ್ದೆ,
ಇಷ್ಟು ವರ್ಷ.

ಇವತ್ತು ನಾಲ್ಕನೇ ದಿನ, ಬಿದ್ದಿಲ್ಲ.
ಬೀಳುವುದಿಲ್ಲ ಎಂದು ನಾನೇನೂ ಹೇಳುತ್ತಿಲ್ಲ.
ಈಗ ತಾನೆ ಬಲತುದಿಯಲ್ಲಿ ಹಸಿರು ಚುಕ್ಕಿ ಕಂಡು
ಸೇವ್ ಒತ್ತಿ, ಉಸಿರು ಹಿಡಿದು ಕೂತೆ.
ಗೆರೆ ಬರಲಿಲ್ಲ. ಚುಕ್ಕಿ ಅಲುಗಿತು, ಗಾಳಿಗೆ.
ಬೆರಳಿಟ್ಟೆ.
ಅಂಟಿಕೊಂಡು ಬಂತು.